ಬೆಕ್ಕಿನ ಕಜ್ಜಿ: ಗುರುತು ಮತ್ತು ಆರೈಕೆ



ಎತ್ತು ಒಂದು ಹೊತ್ತು ಮೇವು ಬಿಟ್ಟರೆ ಮನೆಮಂದಿಯೆಲ್ಲ ಕಳವಳ ಪಡುತ್ತೇವೆ. ಬೆಕ್ಕು ಕೆರೆದುಕೊಳ್ಳುತ್ತ ಮೂಲೆ ಹಿಡಿದರೆ ಮಾತ್ರ, 'ಬೆಕ್ಕಲ್ಲೇನ್ರಿ, ಇರಲಿ ಬಿಡ್ರಿ' ಎನ್ನುತ್ತೇವೆ. ಯಲಬುರ್ಗಾ ಸೀಮೆಯ ಮನೆಗಳಲ್ಲಿ ಜೋಳ, ಸಜ್ಜೆ, ಕಡಲೆಯ ಚೀಲಗಳನ್ನು ಇಲಿಯ ಬಾಯಿಂದ ಕಾಯುವುದು ಅದೇ ಬೆಕ್ಕಲ್ಲವೇ? ಅದಕ್ಕೆ ಬರುವ ಕಜ್ಜಿಯ ವಿಚಾರ ಇಂದು ತಿಳಿಯೋಣ.

ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಚರ್ಮದಲ್ಲಿ ಬಿಲ ಕೊರೆದು ತತ್ತಿ ಇಡುವುದರಿಂದ ಈ ರೋಗ ಬರುತ್ತದೆ. ಮೊದಲು ಕಿವಿಯ ಅಂಚನ್ನು ನೋಡಿರಿ. ಅಲ್ಲಿ ಕೂದಲು ಉದುರಿ ಬೂದುಬಣ್ಣದ ದಪ್ಪ ಹಕ್ಕಳೆ ಕಟ್ಟುತ್ತದೆ. ಅಲ್ಲಿಂದ ಮುಖಕ್ಕೆ, ಕುತ್ತಿಗೆಗೆ ಹರಡುತ್ತದೆ. ಬೆಕ್ಕು ಸುರುಳಿ ಸುತ್ತಿ ಮಲಗುವುದರಿಂದ ಕಾಲಿಗೂ ಬಾಲದ ಬುಡಕ್ಕೂ ಹತ್ತುತ್ತದೆ. ತುರಿಕೆ ಬಲು ಜೋರು. ಹಾಗೇ ಬಿಟ್ಟರೆ ಬೆಕ್ಕು ಸೊರಗಿ ಸತ್ತೂ ಹೋಗಬಹುದು.

ಗಜಕರ್ಣ ಬೇರೆ. ಅದು ಬೂಷ್ಟಿನ ಜಾತಿಯ ರೋಗ. ಅಲ್ಲಲ್ಲಿ ದುಂಡಗೆ ಕೂದಲು ಉದುರುತ್ತದೆ, ತುರಿಕೆ ಕಡಿಮೆ. ಅದು ಮಕ್ಕಳಿಗೂ ಅಂಟುತ್ತದೆ. ಕಜ್ಜಿಯ ನುಸಿಯೂ ನಮ್ಮ ಮೈಗೆ ಹತ್ತಿ ಕೆಂಪು ಗುಳ್ಳೆ ಎಬ್ಬಿಸೀತು; ಆದರೆ ನಮ್ಮ ಚರ್ಮದಲ್ಲಿ ಬಹಳ ದಿನ ಬಾಳದು. ಬೆಕ್ಕು ಗುಣವಾದರೆ ನಮ್ಮ ತುರಿಕೆಯೂ ಇಳಿಯುತ್ತದೆ.

ಈಗ ಮುಖ್ಯ ಮಾತು. ಫಿನಾಯಿಲ್, ಸೀಮೆಎಣ್ಣೆ, ಸುಟ್ಟ ಎಂಜಿನ್ ಎಣ್ಣೆ, ಹೊಲಕ್ಕೆ ಹೊಡೆಯುವ ಔಷಧ, ಇವನ್ನು ಹಚ್ಚಲೇಬ್ಯಾಡ್ರಿ! ಬೆಕ್ಕು ಮೈ ನೆಕ್ಕಿಕೊಳ್ಳುವ ಪ್ರಾಣಿ. ಹಚ್ಚಿದ್ದೆಲ್ಲ ಹೊಟ್ಟೆಗೇ ಹೋಗುತ್ತದೆ. ನಾಯಿಯ ಉಣ್ಣೆಗೆ ಹಾಕುವ ಪರ್ಮೆಥ್ರಿನ್ ಔಷಧವೂ ಬೆಕ್ಕಿಗೆ ವಿಷವೇ. ನಡುಕ ಬಂದು ಸಾಯಬಹುದು. ಕಜ್ಜಿಗಿಂತ ಮೊದಲು ನಮ್ಮ ಮದ್ದೇ ಅದನ್ನು ಕೊಲ್ಲಬಾರದು.

ಹಾಗಾದರೆ ಮಾಡುವುದೇನು? ಬೆಕ್ಕನ್ನು ಬುಟ್ಟಿಯಲ್ಲಿಟ್ಟು ಮೇಲೆ ತೆಳು ಬಟ್ಟೆ ಕಟ್ಟಿ ಪಶು ಆಸ್ಪತ್ರೆಗೆ ಒಯ್ಯಿರಿ. ವೈದ್ಯರು ಹಕ್ಕಳೆ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ನುಸಿಯನ್ನು ಗುರುತಿಸುತ್ತಾರೆ. ತೂಕ ನೋಡಿ ಐವರ್ಮೆಕ್ಟಿನ್‌ನಂಥ ಮದ್ದು ಕೊಡುತ್ತಾರೆ. ಸಾಮಾನ್ಯವಾಗಿ ಒಂದೆರಡು ವಾರ ಬಿಟ್ಟು ಮತ್ತೆ ಕೊಡಬೇಕಾಗುತ್ತದೆ. ತುರಿಕೆ ನಿಂತಿತೆಂದು ಎರಡನೆಯ ಸಲ ತಪ್ಪಿಸಬೇಡಿ. ಬೆಕ್ಕು ಗಬ್ಬವಿದ್ದರೆ, ಎಳೆಮರಿಯಾಗಿದ್ದರೆ ಮೊದಲೇ ತಿಳಿಸಿರಿ. ದನಕ್ಕೆಂದು ತಂದಿಟ್ಟ ಐವರ್ಮೆಕ್ಟಿನ್ ಇದೆಯೆಂದು ನೀವೇ ಕೊಡಬೇಡಿ. ಎತ್ತಿನ ತೂಕವೆಷ್ಟು, ಮೂರು ನಾಲ್ಕು ಕಿಲೋ ಬೆಕ್ಕಿನ ತೂಕವೆಷ್ಟು?

ಮನೆಯ ಬೆಕ್ಕುಗಳಿಗೆಲ್ಲ ಒಟ್ಟಿಗೇ ಚಿಕಿತ್ಸೆಯಾಗಲಿ. ಅದು ಮಲಗಿದ ಹಳೆಯ ಗೋಣಿತಟ್ಟು ಸುಟ್ಟುಬಿಡಿ; ಕೌದಿಯನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿರಿ. ಗುಣವಾಗುವವರೆಗೆ ಮಕ್ಕಳ ಹಾಸಿಗೆಯಿಂದ ಬೆಕ್ಕನ್ನು ದೂರವಿಡಿ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ.

ಇಂದೇ ನಿಮ್ಮ ಬೆಕ್ಕಿನ ಕಿವಿಯ ಅಂಚನ್ನೊಮ್ಮೆ ಸವರಿ ನೋಡ್ತೀರಲ್ಲ?