ಅಂಗೈ ಎಲೆ, ಮೊರದಗಲ ಎಲೆ: ಎರಡೂ ಒಂದೇ ಮನಿ ಪ್ಲಾಂಟ್!

ಟಿವಿ ಪಕ್ಕದ ಬಾಟಲಿಯಲ್ಲಿ ಅಂಗೈಯಷ್ಟು ಎಲೆ ಬಿಟ್ಟುಕೊಂಡಿರುವ ಮನಿ ಪ್ಲಾಂಟ್ ಇದೆಯಲ್ಲ, ಅದು ಇನ್ನೂ ಎಳೆಯ ಗಿಡ! ಹತ್ತು ವರ್ಷದಿಂದ ಅಲ್ಲೇ ಇದ್ದರೂ ಅದಕ್ಕೆ ಪ್ರಾಯ ಬಂದಿಲ್ಲ. ಅದೇ ಬಳ್ಳಿಯ ತುಂಡೊಂದು ಹಿತ್ತಲ ತೆಂಗಿನ ಮರ ಹತ್ತಿದ್ದನ್ನು ನೋಡಿದ್ದೀರಾ? ಬುಡದಲ್ಲಿ ನಮ್ಮ ಬಾಟಲಿಯದೇ ಪುಟಾಣಿ ಎಲೆ. ಆಳೆತ್ತರಕ್ಕೆ ಬಂದರೆ ಅದರ ಎರಡರಷ್ಟು. ಇನ್ನೂ ಮೇಲೆ ಕಣ್ಣು ಹಾಯಿಸಿದರೆ ಅಬ್ಬಾ, ಮೊರದಗಲ! ಎರಡು ಮೂರು ಅಡಿ ಉದ್ದ, ಅಂಚಿನಿಂದ ನಡುನರದತ್ತ ಸೀಳು ಸೀಳು, ಹಸಿರಿನ ಮೇಲೆ ಹೊನ್ನು ಚೆಲ್ಲಿದ ಹಾಗೆ. ಒಂದೇ ಬಳ್ಳಿ ಎಂದರೆ ನಂಬುವುದೇ ಕಷ್ಟ!

ಇದರ ತವರು ದಕ್ಷಿಣ ಪೆಸಿಫಿಕ್‌ನಲ್ಲಿ, ಟಹೀಟಿಯ ಪಕ್ಕದ ಮೊರಿಯಾ ದ್ವೀಪ. ಸಸ್ಯವಿಜ್ಞಾನಿಗಳು ಇದಕ್ಕೆ 1880ರಲ್ಲೇ ಹೆಸರಿಟ್ಟರು. ಆದರೆ ಹೂವು? ನೀವು ಕಂಡಿಲ್ಲ, ನಾನೂ ಕಂಡಿಲ್ಲ. ಲೋಕದ ಮನೆಮನೆಗೂ ಇದು ಬಂದದ್ದು ಬೀಜದಿಂದಲ್ಲ, ಒಬ್ಬರು ಇನ್ನೊಬ್ಬರಿಗೆ ಮುರಿದುಕೊಟ್ಟ ಕಡ್ಡಿಯಿಂದ! ಗುಟ್ಟು 2016ರಲ್ಲಿ ಬಯಲಾಯಿತು: ಜಿಬ್ಬರೆಲಿನ್ ಎಂಬ ಹಾರ್ಮೋನನ್ನು ತಯಾರಿಸಬೇಕಾದ ಜೀನ್ ಒಂದು ಕೆಲಸ ಮಾಡುತ್ತಿಲ್ಲ. ಸಂಶೋಧಕರು ಆ ಹಾರ್ಮೋನನ್ನು ಹೊರಗಿನಿಂದ ಕೊಟ್ಟರು. ಹೂ ಬಂದೇ ಬಂತು!

ಹೂವಿನ ಮಾತಿರಲಿ, ಎಲೆಯ ಬೆರಗು ನಮ್ಮ ಕೈಯಲ್ಲೇ ಇದೆ. ಬಳ್ಳಿಯ ಒಂದೊಂದು ಗೆಣ್ಣನ್ನೂ ಹತ್ತಿರದಿಂದ ನೋಡಿ. ಎಲೆತೊಟ್ಟಿನ ಆಚೆ ಬದಿಗೆ ಕಂದು ಬಣ್ಣದ ಸಣ್ಣ ಉಬ್ಬು ಇರುತ್ತದೆ. ಅದೇ ಬೇರು, ಹಿಡಿಯಲು ಆಸರೆ ಹುಡುಕುತ್ತಿರುವ ಬೇರು! ತೆಂಗಿನ ನಾರು ಸುತ್ತಿದ ಕೋಲೊಂದನ್ನು ಕುಂಡದಲ್ಲಿ ನೆಟ್ಟು, ಆ ಉಬ್ಬು ನಾರಿಗೆ ತಾಗುವಂತೆ ಬಳ್ಳಿಯನ್ನು ಸಡಿಲವಾಗಿ ಕಟ್ಟಿ. ಮಣ್ಣಿನ ಜೊತೆ ನಾರನ್ನೂ ತೇವವಾಗಿಡಿ. ಬೇರು ನಾರಿಗೆ ಕಚ್ಚಿಕೊಂಡಿತೋ, ಆಮೇಲೆ ಬರುವ ಎಲೆಗಳು ದೊಡ್ಡದಾಗುತ್ತಾ ಹೋಗುತ್ತವೆ. ಕಪಾಟಿನಿಂದ ಕೆಳಗೆ ಇಳಿಬಿಟ್ಟರೆ ಇದು ತಿರುಗುಮುರುಗು: ಎಲೆ ಚಿಕ್ಕದು, ಗೆಣ್ಣುಗಳ ನಡುವೆ ಅಂತರ ಜಾಸ್ತಿ. ಆ ಇಳಿಬಳ್ಳಿಗೂ ಒಂದು ಚೆಲುವಿದೆ, ಆದರೆ ನನ್ನ ಮನಸ್ಸು ಏರುಬಳ್ಳಿಗೇ!

ಕಿಟಕಿಯ ಹತ್ತಿರ ಇಡಿ, ಸುಡುಬಿಸಿಲು ಬೇಡ. ಮಬ್ಬು ಮೂಲೆಯಲ್ಲಿ ಬದುಕುತ್ತದೆ, ಆದರೆ ಹೊಸ ಎಲೆಗಳಲ್ಲಿ ಹೊನ್ನಿನ ಗೆರೆ ಮಾಸುತ್ತದೆ. ಮೇಲ್ಮಣ್ಣು ಒಣಗಿದ ಮೇಲೆಯೇ ನೀರು. ಮಗು, ಬೆಕ್ಕು, ನಾಯಿ ಇದ್ದರೆ ಎಲೆ ಬಾಯಿಗೆ ಹೋಗದಂತೆ ನೋಡಿಕೊಳ್ಳಿ. ರಸದಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಹರಳು ಬಾಯಿ ಉರಿಸುತ್ತದೆ.

ಬಳ್ಳಿ ಕೋಲಿನ ತುದಿ ಮುಟ್ಟಿದಾಗ ಗೆಣ್ಣಿನ ಕೆಳಗೆ ಕತ್ತರಿಸಿ ಅದೇ ಕುಂಡದಲ್ಲಿ ನೆಡಿ. ಕತ್ತರಿಸಿದ ಮೋಟೂ ಚಿಗುರುತ್ತದೆ, ನೆಟ್ಟ ತುಂಡೂ ಚಿಗುರುತ್ತದೆ!