ಕಿರ್ದಿಗೊಂದು ಎರಡನೆಯ ಮನೆ

ದೀಪಾವಳಿಯ ಲಕ್ಷ್ಮೀಪೂಜೆಯಂದು ಅಂಗಡಿಯ ಕಿರ್ದಿ, ಖಾತೆ ಪುಸ್ತಕಗಳಿಗೆ ಅರಿಶಿನ ಕುಂಕುಮವಿಟ್ಟು ಕೈಮುಗಿಯುವ ಪದ್ಧತಿ ನಮ್ಮಲ್ಲಿ ಹಳೆಯದು. ಈಗ ಆ ಪುಸ್ತಕಗಳ ಪಕ್ಕದಲ್ಲಿರುವ ಕಂಪ್ಯೂಟರಿಗೂ ಒಂದು ಹೂವು ಸಲ್ಲುತ್ತದೆ. ಸಲ್ಲತಕ್ಕದ್ದೇ ಸರಿ, ಲೆಕ್ಕವೆಲ್ಲ ಇಂದು ಅದರ ಹೊಟ್ಟೆಯಲ್ಲಿದೆ. ಆದರೆ ಪುಸ್ತಕಕ್ಕೂ ಯಂತ್ರಕ್ಕೂ ಒಂದು ಅಂತರವುಂಟು. ನೆನೆದ ಪುಸ್ತಕವನ್ನು ಬಿಸಿಲಿಗೆ ಹರವಿ ಅಷ್ಟಿಷ್ಟಾದರೂ ಓದಿಕೊಳ್ಳಬಹುದು. ಯಂತ್ರವು ಮುನಿದರೆ ಹತ್ತು ವರ್ಷಗಳ ವ್ಯವಹಾರವು ಒಂದೇ ಕ್ಷಣದಲ್ಲಿ ಮೂಕವಾಗುತ್ತದೆ.

ರಾಮನಗರದ ನೂಲು ಬಿಚ್ಚಾಣಿಕೆದಾರನ ಲೆಕ್ಕವನ್ನೇ ನೋಡಿ. ಮಾರುಕಟ್ಟೆಯಲ್ಲಿ ಯಾವ ದಿನ ಎಷ್ಟು ಗೂಡು ಕೊಂಡದ್ದು, ಎಷ್ಟು ಕಿಲೋ ಗೂಡಿಗೆ ಒಂದು ಕಿಲೋ ನೂಲು ಬಂದದ್ದು, ಯಾರಿಗೆ ಎಷ್ಟು ಕೂಲಿ ಸಂದದ್ದು ಎಲ್ಲವೂ ಅದರಲ್ಲಿರುತ್ತದೆ. ಚನ್ನಪಟ್ಟಣದ ಬೊಂಬೆ ಕಾರ್ಖಾನೆಯಲ್ಲಾದರೋ ಆಲೆ ಮರದ ಖರೀದಿ, ಅರಗಿನ ಬಣ್ಣದ ಪಾಕ, ಬೊಂಬೆಗಳ ಅಳತೆ, ಹೊರದೇಶದ ಬೇಡಿಕೆಪತ್ರಗಳು. ಕನಕಪುರ, ಮಾಗಡಿಗಳ ದಿನಸಿ ಅಂಗಡಿಗಳಲ್ಲಿ ಉದ್ದರಿಯ ಬಾಬ್ತು. ಉದ್ದರಿಯ ಲೆಕ್ಕ ಕಳೆದುಹೋದರೆ ಹಣದ ಜೊತೆಗೆ ಗಿರಾಕಿಯ ಸ್ನೇಹವೂ ಹೋಗುತ್ತದೆ. ನೆನಪಿನಿಂದ ಕೇಳಿದ ಬಾಕಿ ಜಗಳಕ್ಕೇ ಮೂಲ.

ಅಪಾಯವು ಕೇವಲ ಕಲ್ಪನೆಯಲ್ಲ. ೨೦೨೨ರ ಆಗಸ್ಟ್ ಕೊನೆಯಲ್ಲಿ ಸುರಿದ ಮಳೆಗೆ ರಾಮನಗರದ ತಗ್ಗು ಬಡಾವಣೆಗಳು ಜಲಾವೃತವಾದವು. ಬೆಂಗಳೂರು-ಮೈಸೂರು ಹೆದ್ದಾರಿಯೇ ಹೊಳೆಯಂತಾಯಿತು. ಅಂಥ ದಿನ ಮೇಜಿನ ಕೆಳಗಿನ ಯಂತ್ರವನ್ನು ಎತ್ತಿಕೊಂಡು ಓಡುವವರಾರು?

ಬೊಂಬೆಗಳ ಊರಿಗೆ ತಕ್ಕ ಕಥೆಯೊಂದು ಅಮೆರಿಕದಿಂದ ಬಂದಿದೆ. ಬೊಂಬೆಗಳನ್ನೇ ಪಾತ್ರವಾಗಿಸಿದ 'ಟಾಯ್ ಸ್ಟೋರಿ ೨' ಎಂಬ ಚಲನಚಿತ್ರವನ್ನು ೧೯೯೮ರಲ್ಲಿ ಪಿಕ್ಸಾರ್ ಸಂಸ್ಥೆಯವರು ತಯಾರಿಸುತ್ತಿದ್ದರು. ಯಾರೋ ಕೊಟ್ಟ ಒಂದು ತಪ್ಪು ಆಜ್ಞೆಯಿಂದ ಚಿತ್ರದ ಬಹುಪಾಲು ಅಳಿಸಿಹೋಯಿತು. ಕಾಪಿಟ್ಟ ಪ್ರತಿಯನ್ನು ತೆರೆದರೆ, ಅದು ಬಹುದಿನಗಳಿಂದ ಸರಿಯಾಗಿ ದಾಖಲಾಗಿಯೇ ಇರಲಿಲ್ಲ! ಅದೃಷ್ಟಕ್ಕೆ, ಆಗ ತಾನೆ ತಾಯಿಯಾಗಿ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗೇಲಿನ್ ಸಸ್ಮನ್ ಎಂಬ ಅಧಿಕಾರಿಯ ಮನೆಯ ಯಂತ್ರದಲ್ಲಿ ಒಂದು ಪ್ರತಿ ಉಳಿದಿತ್ತು. ಆ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ, ಎಳೆಗೂಸಿನಂತೆ ಜೋಪಾನವಾಗಿ ಕಾರಿನಲ್ಲಿ ತಂದರು. ಚಿತ್ರ ಉಳಿಯಿತು.

ಈ ಕಥೆ ಎರಡು ನೀತಿಗಳನ್ನು ಹೇಳುತ್ತದೆ: ಒಂದು ಪ್ರತಿ ಕೆಲಸದ ಸ್ಥಳದಿಂದ ದೂರವಿರಬೇಕು, ಪ್ರತಿಯನ್ನು ತೆರೆದು ನೋಡದೆ ನಂಬಕೂಡದು. ತಿಳಿದವರು ಇದನ್ನೇ 'ಮೂರು-ಎರಡು-ಒಂದು' ಎಂಬ ಸೂತ್ರವಾಗಿಸಿದ್ದಾರೆ. ಲೆಕ್ಕಕ್ಕೆ ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಹೊರಗೆ.

ಆಚರಣೆ ಸುಲಭ. ಎರಡು ಹಾರ್ಡ್ ಡಿಸ್ಕುಗಳನ್ನು ಕೊಳ್ಳಬೇಕು. ಶನಿವಾರ ಸಂಜೆ ಒಂದರಲ್ಲಿ ಲೆಕ್ಕವನ್ನೆಲ್ಲ ಪ್ರತಿಮಾಡಿ ಮನೆಗೆ ಒಯ್ಯಬೇಕು. ಮನೆಯಲ್ಲಿದ್ದ ಇನ್ನೊಂದು ಮುಂದಿನ ವಾರಕ್ಕೆ ಅಂಗಡಿಗೆ ಬರಬೇಕು. ಡಿಸ್ಕನ್ನು ಯಂತ್ರಕ್ಕೆ ಸದಾ ಜೋಡಿಸಿಡಕೂಡದು. ೨೦೧೭ರ ಮೇ ತಿಂಗಳಲ್ಲಿ 'ವಾನಾಕ್ರೈ' ಎಂಬ ಪಿಡುಗು ಸುಮಾರು ೧೫೦ ದೇಶಗಳ ಯಂತ್ರಗಳಿಗೆ ಬೀಗ ಜಡಿದು ಹಣ ಕೇಳಿತು. ಅಂಥದು ನುಗ್ಗಿದರೆ ಜೋಡಿಸಿಟ್ಟ ಡಿಸ್ಕಿಗೂ ಬೀಗ ಬೀಳುತ್ತದೆ. ಬೀರುವಿನಲ್ಲಿ ಮಲಗಿರುವುದಕ್ಕೆ ಬೀಳದು. ದಾರಿಯಲ್ಲಿ ಕಳೆದರೆ ಅನ್ಯರು ಓದದಂತೆ ಗುಪ್ತಪದವನ್ನು ಹಾಕಿಡುವುದು ಲೇಸು. ಅಂತರಜಾಲದಲ್ಲಿಯೂ ಒಂದು ಪ್ರತಿಯಿದ್ದರೆ ಇನ್ನೂ ಕ್ಷೇಮ.

ಆದರೆ 'ಮನೆ' ಎಂದರೆ ಯಾವ ಮನೆ? ಅಂಗಡಿಯ ಹಿಂದೆಯೋ ಮೇಲೆಯೋ ಸಂಸಾರವಿರುವುದು ಈ ಊರುಗಳಲ್ಲಿ ಅಪರೂಪವಲ್ಲ. ಅಂಥ ಮನೆಯಲ್ಲಿಟ್ಟ ಪ್ರತಿಗೂ ಅಂಗಡಿಗೂ ಬೆಂಕಿ ಒಂದೇ, ನೆರೆ ಒಂದೇ. ರಾಮನಗರದವನ ಪ್ರತಿ ಮಾಗಡಿಯ ಅಣ್ಣನ ಮನೆಯಲ್ಲಿ, ಚನ್ನಪಟ್ಟಣದವನದು ಕನಕಪುರದ ಬೀಗರ ಮನೆಯಲ್ಲಿ ಇರಲಿ. ನೆಂಟಸ್ತಿಕೆಯಿಂದ ಇಂಥ ಪ್ರಯೋಜನವೂ ಉಂಟು!

ಸರ್ಕಾರದ ಕಟ್ಟಳೆಯೂ ಇದನ್ನೇ ಬಯಸುತ್ತದೆ. ೨೦೧೭ರ ಸರಕು ಮತ್ತು ಸೇವಾ ತೆರಿಗೆ ಕಾನೂನಿನಂತೆ, ನೋಂದಾಯಿತ ವ್ಯಾಪಾರಿಯು ವಾರ್ಷಿಕ ವಿವರ ಸಲ್ಲಿಸಬೇಕಾದ ಗಡುವಿನಿಂದ ೭೨ ತಿಂಗಳು ಲೆಕ್ಕಪತ್ರಗಳನ್ನು ಕಾಪಾಡಬೇಕು. ಯಂತ್ರದಲ್ಲಿಟ್ಟ ಲೆಕ್ಕವು ಅಪಘಾತದಿಂದಲೋ ಪ್ರಕೃತಿ ವಿಕೋಪದಿಂದಲೋ ನಾಶವಾದರೆ ಮತ್ತೆ ಪಡೆಯುವಂತೆ ಪ್ರತಿಯಿಡಬೇಕೆಂದು ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ.

ಕೊನೆಗೊಂದು ಮಾತು. ಗುಪ್ತಪದವು ಯಜಮಾನನ ಮನಸ್ಸಿನಲ್ಲಿ ಮಾತ್ರವಿದ್ದರೆ, ಅವನು ಆಸ್ಪತ್ರೆ ಸೇರಿದ ದಿನ ಮೂರು ಪ್ರತಿಗಳಿದ್ದೂ ಮನೆಯವರಿಗೆ ಒಂದೂ ಇಲ್ಲ. ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು ಎಂಬುದು ಹೆಂಡತಿ ಮಕ್ಕಳಿಗೆ ತಿಳಿಯುವುದೆಂತು? ತಿಂಗಳಿಗೊಮ್ಮೆ ಮನೆಯ ಡಿಸ್ಕನ್ನು ಮಡದಿಯೋ ಮಗಳೋ ತೆರೆದು ನಾಲ್ಕು ಬಾಬ್ತುಗಳನ್ನು ಓದಲಿ. ಪ್ರತಿ ಸರಿಯಾಗಿದೆಯೆಂಬ ಪರೀಕ್ಷೆಯೂ ಆದೀತು. ಮನೆಯ ಬದುಕಿನ ಲೆಕ್ಕ ಇನ್ನೊಬ್ಬರಿಗೆ ತಿಳಿದಂತೆಯೂ ಆದೀತು.