ಬೀದಿಯ ಅಗಲ, ಮನೆಯ ಎತ್ತರ

ನಗರವೆಂದರೆ ಮನೆಗಳ ಸಮೂಹವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಮನೆಗೂ ಮನೆಗೂ ನಡುವೆ ಬಿಟ್ಟ ತೆರವೂ ನಗರದ ಅಂಗವೇ. ಆ ತೆರವು ಎಷ್ಟಿರಬೇಕೆಂಬುದನ್ನು ಲೆಕ್ಕದಿಂದ ನಿರ್ಣಯಿಸಲು ಹೊರಟವರಲ್ಲಿ ಸ್ಪೇನ್ ದೇಶದ ಇಂಜಿನಿಯರ್ ಇಲ್ದೆಫೋನ್ಸ್ ಸೆರ್ದಾ ಅಗ್ರಗಣ್ಯನು.

ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೂ ಬಾರ್ಸಿಲೋನಾ ನಗರವು ಕೋಟೆಯೊಳಗೆ ಸೆರೆಯಾಗಿತ್ತು. ಫಿರಂಗಿಯ ಗುಂಡು ತಲುಪುವಷ್ಟು ದೂರದವರೆಗೆ ಕೋಟೆಯ ಹೊರಗೆ ಮನೆ ಕಟ್ಟುವುದು ನಿಷಿದ್ಧವಾಗಿತ್ತು. ಕಾರ್ಖಾನೆಗಳು ಬಂದವು, ಜನರು ಬಂದರು. ನೆಲ ಮಾತ್ರ ಬೆಳೆಯಲಿಲ್ಲ. ಮನೆಗಳು ಮೇಲಕ್ಕೇರಿ ಓಣಿಗಳ ಮೇಲೆಯೇ ಚಾಚಿಕೊಂಡವು. 1854ರಲ್ಲಿ ಕಾಲರಾ ಎರಗಿತು. ಅದೇ ವರ್ಷ ಕೋಟೆಗೋಡೆಯನ್ನು ಕೆಡಹುವ ಕಾರ್ಯವೂ ಮೊದಲಾಯಿತು. ಸೆರ್ದಾ ಕೂಲಿಕಾರರ ಸಂಪಾದನೆ, ಆಹಾರ, ವಸತಿ, ಮರಣ ಇವೆಲ್ಲವನ್ನೂ ಅಂಕಿಗಳಲ್ಲಿ ಬರೆದಿಟ್ಟನು. ಇಕ್ಕಟ್ಟಿನಲ್ಲಿ ವಾಸಿಸುವ ಬಡವರ ಆಯುಸ್ಸು ಮೊಟಕೆಂಬುದು ಅದರಿಂದ ಸ್ಪಷ್ಟವಾಯಿತು.

1859ರ ಅವನ ಯೋಜನೆಯಲ್ಲಿ ಸುಮಾರು 113 ಮೀಟರ್ ಉದ್ದಗಲದ ಚೌಕಗಳಿದ್ದವು. ಬೀದಿಯ ಅಗಲ 20 ಮೀಟರ್, ಕಟ್ಟಡದ ಎತ್ತರ 16 ಮೀಟರ್. ಚೌಕದ ಎರಡು ಪಕ್ಕಗಳಲ್ಲಿ ಮಾತ್ರ ಕಟ್ಟಡ, ಉಳಿದುದು ತೋಟ. ಬಂಡಿಗಳು ತಿರುಗುವಾಗ ಎದುರಿನದು ಕಾಣುವಂತೆ ಮೂಲೆಗಳನ್ನು ಓರೆಯಾಗಿ ಕತ್ತರಿಸಿದ್ದನು. ಚೌಕಗಳ ಮೂಲೆಗಳು ನಾಲ್ಕು ದಿಕ್ಕುಗಳನ್ನು ನೋಡುತ್ತವೆ. ಇದರ ಮರ್ಮವೇನು? ಡಿಸೆಂಬರ್ ತಿಂಗಳಿನಲ್ಲಿ ಬೆಂಕಿಪೆಟ್ಟಿಗೆಯೊಂದನ್ನು ಬಿಸಿಲಿನಲ್ಲಿಟ್ಟು ನೋಡೋಣ. ನೇರ ಉತ್ತರಕ್ಕಿರುವ ಮುಖ ದಿನವಿಡೀ ನೆರಳಿನಲ್ಲಿಯೇ ಉಳಿಯುತ್ತದೆ. ಪೆಟ್ಟಿಗೆಯನ್ನು 45 ಅಂಶ ತಿರುಗಿಸಿದರೆ, ಒಂದಲ್ಲ ಒಂದು ವೇಳೆಯಲ್ಲಿ ನಾಲ್ಕೂ ಮುಖಗಳಿಗೆ ಬಿಸಿಲು ದೊರೆಯುತ್ತದೆ! ಬಡವನ ಕೋಣೆಗೂ ಸೂರ್ಯನು ಬರಬೇಕೆಂಬುದು ಇಲ್ಲಿ ಬರಿಯ ಆಶಯವಲ್ಲ, ರೇಖಾಗಣಿತ.

ಕಾಲರಾ ಹರಡುವುದು ಆ ಕಾಲದವರು ನಂಬಿದಂತೆ ಕೆಟ್ಟ ಗಾಳಿಯಿಂದಲ್ಲ, ಮಲಿನವಾದ ನೀರಿನಿಂದ. ಅಗಲವಾದ ಬೀದಿಯೊಂದೇ ಅದನ್ನು ತಡೆಯಲಾರದು. ನಗರಕ್ಕೆ ಸಮಗ್ರವಾದ ಒಳಚರಂಡಿಯ ಯೋಜನೆಯನ್ನು 1891ರಲ್ಲಿ ಪೆರೆ ಗಾರ್ಸಿಯಾ ಫಾರಿಯಾ ಎಂಬ ಇಂಜಿನಿಯರನು ಸಿದ್ಧಪಡಿಸಿದನು.

ಬೀದಿಗಳು ನಕ್ಷೆಯಂತೆಯೇ ಬಂದವು, ತೋಟಗಳು ಉಳಿಯಲಿಲ್ಲ. ನೆಲದ ಒಡೆಯರಿಗೆ ಖಾಲಿ ಜಾಗವು ನಷ್ಟವಾಗಿ ಕಂಡಿತು. ನಾಲ್ಕು ಪಕ್ಕಗಳಲ್ಲಿಯೂ ಕಟ್ಟಡಗಳೆದ್ದವು, ಅಂತಸ್ತುಗಳು ಹೆಚ್ಚಿದವು, ಒಳಗಿನ ಬಯಲನ್ನು ಉಗ್ರಾಣಗಳೂ ಕಮ್ಮಟಗಳೂ ಆಕ್ರಮಿಸಿದವು. ಸೆರ್ದಾ 1876ರಲ್ಲಿ ತೀರಿಕೊಂಡನು. ಅವನ ಯೋಜನೆ ವಿಫಲವಾಯಿತೆನ್ನುವವರ ಮಾತನ್ನು ನಾವು ಒಪ್ಪಲಾರೆವು. ಮೀರಿದವರಾರೆಂದು ಹೇಳಲು ಅವನ ಅಳತೆಗಳೇ ಸಾಕ್ಷಿ. 1980ರ ದಶಕದಿಂದ ನಗರಸಭೆಯು ಅಂಥ ಕೆಲವು ಒಳಬಯಲುಗಳನ್ನು ಮರಳಿ ಪಡೆದು ಸಾರ್ವಜನಿಕರಿಗೆ ತೆರೆಯತೊಡಗಿತು. ಅವುಗಳಲ್ಲೊಂದರ ನಡುವೆ ಇಟ್ಟಿಗೆಯ ಹಳೆಯ ನೀರಿನ ಗೋಪುರವಿದೆ. ಅದರ ಬುಡದಲ್ಲಿ ಮಕ್ಕಳಿಗಾಗಿ ಮಾಡಿದ ಆಳವಿಲ್ಲದ ಕೊಳವೂ ಇದೆ.